ಮೂರನೇ ಸಲ ಕೇಳುವ ಎಸ್ಮತ್ ಖಾನುಮ್

ಮೊದಲೇ ಕ್ಷಮೆ ಕೇಳಿಬಿಡುವುದು ಒಳ್ಳೆಯದು. ಈ ಬರಹಕ್ಕೆ ಎಸ್ಮತ್ ಖಾನುಮ್ ಅವರ ಒಪ್ಪಿಗೆ ಇದೆಯೋ ಇಲ್ಲವೋ ಎಂಬುದು ಇದನ್ನು ಬರೆಯುವ ಹೊತ್ತಿಗೂ ಸ್ಪಷ್ಟವಾಗಿಲ್ಲ. ಮೊದಲ ಸಲ ಕೇಳಿದಾಗ, "ಅಯ್ಯೋ, ನನ್ನ ಬಗ್ಗೆ ಬರೆಯೋಕೆ ಏನಿದೆ? ದೊಡ್ಡ ದೊಡ್ಡ ಮೇಷ್ಟ್ರುಗಳಿದ್ದಾರೆ, ಅವರನ್ನ ಕೇಳಿ" ಎಂದರು. ಎರಡನೇ ಸಲ, "ಬೇಡ, ನಾಚಿಕೆಯಾಗುತ್ತೆ" ಎಂದರು. ಮೂರನೇ ಸಲ ಚಹಾದ ಲೋಟವನ್ನು ಮುಂದೆ ಸರಿಸಿ ಸುಮ್ಮನಾದರು. ದಕ್ಷಿಣ ಖೊರಾಸಾನ್ ಪ್ರಾಂತ್ಯದಲ್ಲಿ ಬಹಳ ಕಾಲ ಇದ್ದವರು ಇದನ್ನು ಒಪ್ಪಿಗೆ ಎಂದೇ ತಿಳಿಯುತ್ತಾರೆ. ತಿಳಿದದ್ದು ತಪ್ಪಾಗಿದ್ದರೆ ಅವರೂ ಓದುಗರೂ ಮನ್ನಿಸಬೇಕು.

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ವಿಶ್ವವಿದ್ಯಾಲಯದ ಕೃಷಿ ವಿಭಾಗದ ಕೇಸರಿ ಹೊಲದಲ್ಲಿ ಹುಡುಗ ಹುಡುಗಿಯರು ಸಾಲುಸಾಲಾಗಿ ಬಗ್ಗಿದ್ದಾರೆ. ಬಿಸಿಲು ಬಿದ್ದರೆ ಹೂವು ಬಾಡುತ್ತದೆ, ಅದಕ್ಕೇ ಈ ಅವಸರ. ಬಾಯಿಂದ ಹೊಗೆಯಂತೆ ಉಸಿರು ಬರುವಷ್ಟು ಚಳಿ. ಬದುವಿನ ಮೇಲೆ ಕಪ್ಪು ಚಾದರ ಹೊದ್ದು, ಗಂಡಸರ ಉಣ್ಣೆಯ ಕಾಲುಚೀಲ ಹಾಕಿಕೊಂಡು, ಐವತ್ತು ದಾಟಿದ ಹೆಂಗಸೊಬ್ಬರು ನಡೆದು ಬರುತ್ತಿದ್ದಾರೆ. ಅವರೇ ಎಸ್ಮತ್ ನಾಸೆರಿ, ಎಲ್ಲರ ಬಾಯಲ್ಲಿ ಖಾನುಮ್, ಅಂದರೆ ಅಮ್ಮಾವ್ರು. ವಿದ್ಯಾರ್ಥಿ ಸಲಹಾ ಕಚೇರಿಯ ಸಹಾಯಕಿ.

"ಬಂತಪ್ಪಾ ಸುದ್ದಿ!" ಎಂದು ಹೊಲ ನೋಡಿಕೊಳ್ಳುವ ಸಫರ್ ಮಾಮ ಕೂಗುತ್ತಾನೆ. "ಖಾನುಮ್, ನನಗೂ ಏನಾದ್ರೂ ಇದೆಯಾ? ಎಲ್ಲಾದ್ರೂ ಕಳಿಸಿಬಿಡಿ, ಹೆಂಡತಿಗೆ ಮಾತ್ರ ಹೇಳ್ಬೇಡಿ."

"ನಿನ್ನನ್ನ ಕಳಿಸಿದ್ರೆ ವಾಪಸ್ ತಗೊಳ್ಳಿ ಅಂತ ಅವರೇ ದುಡ್ಡು ಕೊಟ್ಟು ಕಳಿಸ್ತಾರೆ, ಸುಮ್ನಿರು" ಎನ್ನುತ್ತಾರೆ ಎಸ್ಮತ್.

ಸುದ್ದಿ ಎಂದರೆ ತರಬೇತಿ, ವಿದ್ಯಾರ್ಥಿವೇತನ, ಬೇಸಿಗೆ ಕೆಲಸ, ಯಾವ ವಿಷಯವನ್ನು ಯಾವ ದಿನದೊಳಗೆ ಬಿಡಬಹುದು ಎಂಬ ಸೂಚನೆ. ನಾನೂರರಷ್ಟು ವಿದ್ಯಾರ್ಥಿಗಳು, ಒಂದು ಕೋಣೆ. ಸಲಹೆಗಾರರು ಬರುತ್ತಾರೆ, ಹೋಗುತ್ತಾರೆ. ಎಸ್ಮತ್ ಮಾತ್ರ ಅಲ್ಲೇ ಇದ್ದಾರೆ. ಹಿಂದೆ ಅವರು ಹುಡುಗಿಯರ ಹಾಸ್ಟೆಲಿನಲ್ಲಿ ನೆಲ ಒರೆಸುತ್ತಿದ್ದರು. ಗಂಡ ನೆಲದಡಿಯ ಕಾಲುವೆ ತೋಡುವ ಕೆಲಸದವನು. ಎದೆಗೆ ಧೂಳು ಸೇರಿ ಅವನು ಹಾಸಿಗೆ ಹಿಡಿದ ಮೇಲೆ ಎಸ್ಮತ್ ಸಂಜೆ ಶಾಲೆಗೆ ಸೇರಿ ಪಾಸು ಮಾಡಿ ಈ ಕಚೇರಿಗೆ ಬಂದರು. ಆ ಕೋಣೆಯ ಬಾಗಿಲ ಮೇಲೆ ಕಳೆದ ಬೇಸಿಗೆಯಿಂದ ಹೊಸ ಫಲಕವಿದೆ. ಅದರಲ್ಲಿರುವ ಹೆಸರು ಅವರದಲ್ಲ. ಆ ವಿಷಯ ಆಮೇಲೆ ಬರುತ್ತದೆ.

ಇದನ್ನೆಲ್ಲ ಫೋನಿನಲ್ಲೇ ಕಳಿಸಬಹುದಲ್ಲ ಎಂದು ಯಾರಾದರೂ ಕೇಳಬಹುದು. ಕಳಿಸುತ್ತಾರೆ, ಕಳಿಸಿ ನೋಡಿಯೂ ಆಗಿದೆ. ಒಮ್ಮೆ ಕೀಟಶಾಸ್ತ್ರದ ತರಬೇತಿಗೆ ಒಂದು ಜಾಗ ಬಂದಿತ್ತು. ಗುಂಪಿನಲ್ಲಿ ಸುದ್ದಿ ಹಾಕಿದ ಕೂಡಲೇ ಒಬ್ಬ, "ನನಗಿಂತ ಹೊರ್ಮೊಜ್ ಯೋಗ್ಯ" ಎಂದು ಬರೆದ. ಹೊರ್ಮೊಜ್, "ನಾನು ಅವನ ಕಾಲಿನ ಧೂಳು, ಜಾಗ ನೀಲೂಫರಳಿಗೆ ಸಲ್ಲಬೇಕು" ಎಂದ. ನೀಲೂಫರ್ ಮತ್ತೊಬ್ಬರನ್ನು ಹೊಗಳಿದಳು. ಹೀಗೆ ಎಲ್ಲರೂ ಒಬ್ಬರಿಗೊಬ್ಬರು ದಾರಿ ಬಿಡುತ್ತಾ ನಿಂತಿದ್ದಾಗ ಕೊನೆಯ ದಿನ ಕಳೆದುಹೋಯಿತು. ಜಾಗ ಯಾರಿಗೂ ಸಿಗಲಿಲ್ಲ.

"ಬಾಗಿಲಲ್ಲಿ ಇಬ್ಬರು ಸಿಕ್ಕಿದ್ರೆ 'ನೀವು ಮೊದಲು, ನೀವು ಮೊದಲು' ಅಂತ ಅರ್ಧ ಗಂಟೆ ನಿಲ್ಲೋ ಜನ ನಾವು" ಎಂದು ಎಸ್ಮತ್ ನಗುತ್ತಾರೆ. "ಬಾಗಿಲಾದ್ರೆ ಕಾಯುತ್ತೆ. ಅರ್ಜಿ ಕಾಯುತ್ತಾ?"

ಅಂದಿನಿಂದ ಅವರು ಒಂದು ರೂಢಿ ಮಾಡಿಕೊಂಡಿದ್ದಾರೆ. ಯಾವ ಜಾಗ ಯಾರಿಗೆ ಮೊದಲು ಎಂದು ಸಲಹೆಗಾರರು ಅಂಕ ನೋಡಿ ಹೇಳುತ್ತಾರೆ. ಎಸ್ಮತ್ ಆ ವಿದ್ಯಾರ್ಥಿ ಇರುವಲ್ಲಿಗೇ ಹೋಗಿ ಮುಖಾಮುಖಿ ಕೇಳುತ್ತಾರೆ. ಮೂರು ಸಲ ಕೇಳುತ್ತಾರೆ. "ಮೊದಲನೇ 'ಬೇಡ' ಹೇಳೋದು ಬರೀ ಬಾಯಿ. ಎರಡನೇದು ಅವರಮ್ಮ ಕಲಿಸಿದ ಮರ್ಯಾದೆ. ಮೂರನೇದು ಮಾತ್ರ ಅವರದ್ದು."

ಆದರೆ ಈ ಮಾತನ್ನು ಅವರು ಈಗ ಮೊದಲಿನಷ್ಟು ಗಟ್ಟಿಯಾಗಿ ಹೇಳುವುದಿಲ್ಲ.

ಇವತ್ತು ಅವರು ಹುಡುಕಿಕೊಂಡು ಬಂದಿರುವುದು ತೂಬಾಳನ್ನು. ಗುಡ್ಡದಾಚೆಯ ಹಳ್ಳಿಯವಳು, ಮೂರನೇ ವರ್ಷದಲ್ಲಿದ್ದಾಳೆ. ಅವಳ ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದ ಮೊದಲಿಗಳು ಅವಳೇ. ರಾಜಧಾನಿಯ ಹತ್ತಿರದ ಬೀಜ ಸಂಶೋಧನಾ ಕೇಂದ್ರವೊಂದರಲ್ಲಿ ಹೊಸ ವರ್ಷ ಕಳೆದ ಮೇಲೆ ಆರು ತಿಂಗಳ ತರಬೇತಿ. ಈ ವಿಭಾಗಕ್ಕೆ ಒಂದೇ ಜಾಗ. ಅಲ್ಲಿ ಕಲಿತವರನ್ನು ಆಮೇಲೆ ಅಲ್ಲೇ ಇಟ್ಟುಕೊಳ್ಳುವುದೂ ಉಂಟು. ಮಧ್ಯಾಹ್ನದೊಳಗೆ ಹೆಸರು ಕಳಿಸಬೇಕು. ತೂಬಾ ಬೇಡವೆಂದರೆ ಅವಳ ನಂತರದ ಪರ್ಹಾಮ್‌ಗೆ ಹೋಗುತ್ತದೆ. ಅವನು ದೊಡ್ಡ ಊರಿನ ಹುಡುಗ, ಕೇಳಿದ ಕೂಡಲೇ ಹೂಂ ಎನ್ನುವವನು.

ಎಸ್ಮತ್ ಸಾಲಿನ ಪಕ್ಕ ಕುಕ್ಕುರುಗಾಲಲ್ಲಿ ಕೂತು, ತಾವೂ ಒಂದೆರಡು ಹೂವು ಬಿಡಿಸುತ್ತಾ ವಿಷಯ ಹೇಳುತ್ತಾರೆ. "ಹೋಗ್ತೀಯಾ ಮಗಳೇ?"

ತೂಬಾ ತಲೆ ಎತ್ತುವುದಿಲ್ಲ. "ನಾನ್ಯಾವ ಲೆಕ್ಕ ಖಾನುಮ್? ಪರ್ಹಾಮ್‌ಗೆ ಕೊಡಿ, ಅವನಿಗೆ ಎಲ್ಲ ಗೊತ್ತು."

ಪಕ್ಕದ ಸಾಲಿನ ಹುಡುಗಿಯರು ಇದಕ್ಕೇ ಕಾದಿದ್ದವರಂತೆ ಒಟ್ಟಿಗೆ ರಾಗ ಎಳೆಯುತ್ತಾರೆ: "ಮದುಮಗಳು ಹೂವು ಬಿಡಿಸೋಕೆ ಹೋಗಿದ್ದಾಳೆ!"

ಹೊಲಕ್ಕೆ ಹೊಲವೇ ನಗುತ್ತದೆ. ಅಲ್ಲಿನ ಮದುವೆಗಳಲ್ಲಿ ಹೀಗೇ. ಒಪ್ಪಿಗೆಯೇ ಎಂದು ಮದುವೆ ಮಾಡಿಸುವವರು ಮೊದಲ ಸಲ ಕೇಳಿದಾಗ ಮದುಮಗಳು ಉತ್ತರ ಕೊಡುವಂತಿಲ್ಲ. ಹೂವು ಬಿಡಿಸಲು ಹೋಗಿದ್ದಾಳೆ ಎಂದು ಗೆಳತಿಯರು ಹೇಳುತ್ತಾರೆ. ಎರಡನೇ ಸಲ, ಪನ್ನೀರು ತರಲು ಹೋಗಿದ್ದಾಳೆ ಎನ್ನುತ್ತಾರೆ. ಮೂರನೇ ಸಲಕ್ಕೆ ಅವಳು ಹಿರಿಯರ ಅಪ್ಪಣೆ ಬೇಡಿ ಬಾಯಿ ಬಿಡುತ್ತಾಳೆ. ತೂಬಾಳ ಮಡಿಲಲ್ಲಂತೂ ನಿಜವಾಗಿಯೇ ಹೂವಿದೆ. ಅವಳ ಕಿವಿ ಕೆಂಪಾಗಿದೆ. ಚಳಿಗೋ, ನಾಚಿಕೆಗೋ, ಸಿಟ್ಟಿಗೋ ಹೇಳುವುದು ಕಷ್ಟ.

ಬಿಸಿಲೇರುತ್ತಲೇ ಎಲ್ಲರೂ ಬುಟ್ಟಿ ಹೊತ್ತು ಶೆಡ್ಡಿಗೆ ಬರುತ್ತಾರೆ. ರೊಟ್ಟಿ, ಗಿಣ್ಣು, ಅಕ್ರೋಟು, ಹಲ್ಲಿನ ಸಂದಿಯಲ್ಲಿ ಸಕ್ಕರೆ ತುಂಡು ಕಚ್ಚಿ ಕುಡಿಯುವ ಕಡು ಚಹಾ. ಎಸ್ಮತ್ ತಮ್ಮ ರೊಟ್ಟಿಯನ್ನು ಮುರಿದು ತೂಬಾಳ ಕೈಗಿಟ್ಟು ಮತ್ತೆ ಕೇಳುತ್ತಾರೆ.

"ಬೇಡ ಖಾನುಮ್. ನಿಮಗೆ ಯಾಕೆ ತೊಂದರೆ? ಇಷ್ಟು ದೂರ ಚಳೀಲಿ ನಡೆದು ಬಂದಿದ್ದೀರಿ."

"ನನ್ನ ಚಳಿ ನಾನು ನೋಡ್ಕೋತೀನಿ. ನಿನ್ನ ಮಾತು ಹೇಳು."

"ಪನ್ನೀರು ತರೋಕೆ ಹೋಗಿದ್ದಾಳೆ!" ಎನ್ನುತ್ತದೆ ಗುಂಪು.

ಆಗ ಫೋನು ಬರುತ್ತದೆ. ಡಾಕ್ಟರ್ ಮೊಹ್ತಶಮ್, ಮಣ್ಣುವಿಜ್ಞಾನದ ಮೇಷ್ಟ್ರು. ಬೇಸಿಗೆಯಿಂದ ಸಲಹಾ ಕಚೇರಿಯ ಮುಖ್ಯಸ್ಥರು. "ಖಾನುಮ್, ಏನಂದ್ಲು?"

"ಎರಡು ಸಲ ಬೇಡ ಅಂದ್ಲು."

"ಎರಡು ಸಲ ಯಾಕೆ ಕೇಳಿದ್ರಿ? ಒಂದೇ ಸಲ ಸಾಕು ಅಂದಿದ್ದೆ. ಒಬ್ಬರನ್ನ ಮೂರು ಸಲ ಬೇಡಿಕೊಂಡು, ಇನ್ನೊಬ್ಬರನ್ನ ಕಾಯಿಸೋದು ನ್ಯಾಯಾನಾ? ಆ ಹುಡುಗ ಮೊದಲನೇ ಸಲಕ್ಕೇ ಹೂಂ ಅಂತಾನಲ್ಲ, ಅದೇನು ಅವನ ತಪ್ಪಾ?"

ಎಸ್ಮತ್ ಫೋನು ಇಡುತ್ತಾರೆ. ಡಾಕ್ಟರ್ ಕೆಟ್ಟವರಲ್ಲ, ಮಾತೂ ಸುಳ್ಳಲ್ಲ. ಅದಕ್ಕಿಂತ ಹೆಚ್ಚಾಗಿ ಎಸ್ಮತ್‌ರನ್ನು ಕಾಡುತ್ತಿರುವುದು ಕಳೆದ ವರ್ಷದ ಯಹ್ಯಾ. ದಕ್ಷಿಣದ ಖರ್ಜೂರದ ತೋಟದ ತರಬೇತಿಗೆ ಅವನನ್ನು ಹೀಗೇ ಮೂರು ಸಲ ಕೇಳಿದ್ದರು. ಮೂರನೇ ಸಲ ಅವನು ನೆಲ ನೋಡುತ್ತಾ, "ನೀವು ಹೇಳಿದ ಹಾಗೆ" ಎಂದಿದ್ದ. ಒಪ್ಪಿಗೆ ಎಂದುಕೊಂಡು ಕಳಿಸಿದರು. ತಿಂಗಳೊಳಗೆ ವಾಪಸು ಬಂದ, ಆಮೇಲೆ ಓದನ್ನೇ ಬಿಟ್ಟ. ಈಗ ಊರಿನಲ್ಲಿ ಟ್ಯಾಕ್ಸಿ ಓಡಿಸುತ್ತಾನೆ. ಎದುರು ಸಿಕ್ಕರೆ ಗಾಡಿ ನಿಲ್ಲಿಸಿ, "ನಿಮ್ಮ ನೆರಳು ನಮ್ಮ ಮೇಲಿರಲಿ ಖಾನುಮ್" ಎನ್ನುತ್ತಾನೆ.

"ಅದು ಪ್ರೀತೀನಾ, ಚುಚ್ಚು ಮಾತಾ?" ಎಂದು ಎಸ್ಮತ್ ಕೇಳುತ್ತಾರೆ. "ಎಲ್ಲರಿಗೂ ಅದೇ ಮಾತು ಹೇಳ್ತಾನೆ. ಮುಖ ನೋಡಿ ತಿಳ್ಕೊಳ್ಳೋಣ ಅಂದ್ರೆ ಗಾಡಿ ಮುಂದೆ ಹೋಗಿರುತ್ತೆ."

ಹೂವು ಬಿಚ್ಚುವ ಕೋಣೆಯಲ್ಲಿ ಉದ್ದನೆಯ ಮೇಜುಗಳ ಮೇಲೆ ನೇರಳೆ ಬಣ್ಣದ ರಾಶಿ. ಒಂದೊಂದೇ ಹೂವನ್ನು ಬಿಚ್ಚಿ, ಒಳಗಿನ ಮೂರು ಕೆಂಪು ಎಳೆಗಳನ್ನು ಚಿವುಟಿ ತೆಗೆಯಬೇಕು. ಬೆರಳೆಲ್ಲ ಹಳದಿ. ಎಸ್ಮತ್ ಬಾಗಿಲ ಹೊರಗೆ ಬಹಳ ಹೊತ್ತು ನಿಲ್ಲುತ್ತಾರೆ. ಚಾದರದ ಅಂಚನ್ನು ಹಲ್ಲಿನಲ್ಲಿ ಕಚ್ಚುತ್ತಾರೆ, ಬಿಡುತ್ತಾರೆ. ಕೇಳದೆ ಹೋದರೆ ಈ ಹುಡುಗಿ ಹಳ್ಳಿಗೆ ಹೋಗಿ ಜೀವಮಾನವಿಡೀ, ಇನ್ನೊಂದು ಸಲ ಕೇಳಬಾರದಿತ್ತೇ ಎಂದುಕೊಳ್ಳಬಹುದು. ಕೇಳಿದರೆ ಇನ್ನೊಬ್ಬ ಯಹ್ಯಾ ಆಗಬಹುದು. ಅಂಕ, ತಾರೀಖು, ನಿಯಮ ಎಲ್ಲ ಅವರಿಗೆ ಗೊತ್ತು. ಇದೊಂದು ಗೊತ್ತಾಗುವುದಿಲ್ಲ.

ಕೊನೆಗೆ ಒಳಗೆ ಬಂದು, "ಎಲ್ಲರೂ ಹೊರಗೆ ಹೋಗಿ" ಎನ್ನುತ್ತಾರೆ.

"ಖಾನುಮ್, ಮದುವೆ ನಾವು ನೋಡ್ಬಾರದಾ?"

"ಹೋಗ್ರೇ, ಮಾತು ಸಾಕು!"

ಕೋಣೆ ಖಾಲಿಯಾಗುತ್ತದೆ. ಎಸ್ಮತ್ ಈ ಸಲ ರೂಢಿ ಮುರಿಯುತ್ತಾರೆ. ಹೋಗ್ತೀಯಾ ಎಂದು ಕೇಳುವುದಿಲ್ಲ.

"ನೋಡು ತೂಬಾ, ಇಲ್ಲಿ ಈಗ ಯಾರೂ ಇಲ್ಲ. ನಿನ್ನ ಮರ್ಯಾದೆ ನೋಡೋಕೂ ಯಾರಿಲ್ಲ, ನಾನಂತೂ ನೆಲ ಒರೆಸಿದವಳು. ಇಷ್ಟ ಇಲ್ಲ ಅಂದ್ರೆ ನನ್ನ ಮುಖ ನೋಡಿ 'ಇಷ್ಟ ಇಲ್ಲ' ಅನ್ನು. ನಾನು ಎದ್ದು ಹೋಗ್ತೀನಿ. ಬೇಜಾರು ಮಾಡ್ಕೊಳ್ಳಲ್ಲ."

ತೂಬಾ ಮುಖ ನೋಡುತ್ತಾಳೆ. ಇಷ್ಟವಿಲ್ಲ ಎನ್ನುವುದಿಲ್ಲ. ಅಂಗೈಯಲ್ಲಿದ್ದ ಎಳೆಗಳನ್ನು ತಟ್ಟೆಗೆ ಉದುರಿಸುತ್ತಾಳೆ. ಮತ್ತೊಂದು ಹೂವು ಕೈಗೆ ತೆಗೆದುಕೊಳ್ಳುತ್ತಾಳೆ. ಅದನ್ನು ಬಿಚ್ಚದೆ ಹಾಗೇ ಹಿಡಿದು ಕೂರುತ್ತಾಳೆ. ಹೊರಗೆ ಹುಡುಗಿಯರು ಪಿಸುಗುಟ್ಟುವುದು ಕೇಳುತ್ತಿದೆ.

"ನೀವು ಹೇಳಿದ ಹಾಗೆ ಖಾನುಮ್" ಎನ್ನುತ್ತಾಳೆ ತೂಬಾ.

ಅದೇ ಮಾತು.

ಕಚೇರಿಯಲ್ಲಿ ಡಾಕ್ಟರ್ ಮೊಹ್ತಶಮ್ ಗಡಿಯಾರ ನೋಡುತ್ತಿದ್ದಾರೆ. "ಹೂಂ ಅಂದ್ಲಾ?"

"ಬೇಡ ಅನ್ನಲಿಲ್ಲ."

"ಅದಲ್ಲ ನಾನು ಕೇಳಿದ್ದು. ಹೂಂ ಅಂದ್ಲಾ?"

"ಹೂಂ ಅಂತಲೂ ಅನ್ನಲಿಲ್ಲ."

"ಮತ್ತೆ ನಾನೇನು ಬರೀಲಿ ಖಾನುಮ್? ಕೇಂದ್ರದವರ ಫಾರಂನಲ್ಲಿ ಎರಡೇ ಕಾಲಂ ಇರೋದು, ಒಪ್ಪಿಗೆ, ಒಪ್ಪಿಗೆ ಇಲ್ಲ. ಮಧ್ಯ ಏನೂ ಇಲ್ಲ."

ಎಸ್ಮತ್ ಎದುರಿನ ಕುರ್ಚಿಯಲ್ಲಿ ಕೂರುತ್ತಾರೆ. ಆ ಕುರ್ಚಿಯಲ್ಲಿ ಅವರು ಕೂತದ್ದನ್ನು ಯಾರೂ ನೋಡಿರಲಿಲ್ಲ. "ಒಪ್ಪಿಗೆ ಅಂತ ಬರೀರಿ" ಎನ್ನುತ್ತಾರೆ. "ಹೇಳಿದ ಮಾತು ಯಹ್ಯಾ ಹೇಳಿದ್ದೇ. ಆದ್ರೆ ಅವನು ನೆಲ ನೋಡ್ತಿದ್ದ. ಇವಳು ನನ್ನ ಮುಖ ನೋಡಿದ್ಲು. ಅಷ್ಟೇ ನನಗೆ ಗೊತ್ತಿರೋದು. ತಪ್ಪಾದ್ರೆ ನನ್ನ ತಲೆ ಮೇಲಿರಲಿ."

ಡಾಕ್ಟರ್ ಹಾಗೇ ಬರೆಯುತ್ತಾರೆ. ಬರೆಯುತ್ತಾ, "ಪರ್ಹಾಮ್‌ಗೆ ನೀವೇ ಹೇಳ್ಬೇಕು" ಎನ್ನುತ್ತಾರೆ. ಎಸ್ಮತ್ ಹೇಳುತ್ತಾರೆ. ಅವನು ಎದೆಯ ಮೇಲೆ ಕೈಯಿಟ್ಟು, "ಅವಳಿಗೆ ಸಿಕ್ಕಿದ್ರೆ ನನಗೆ ಸಿಕ್ಕಿದ ಹಾಗೇ ಖಾನುಮ್" ಎಂದು ನಗುತ್ತಾನೆ. ಆಮೇಲೆ ಊಟಕ್ಕೆ ಬರುವುದಿಲ್ಲ. ತೂಬಾಳಿಗೂ ತಿಳಿಸುತ್ತಾರೆ. ಅವಳು, "ನಿಮ್ಮ ಕೈ ನೋಯದಿರಲಿ" ಎನ್ನುತ್ತಾಳೆ. ಬಸ್ಸಿನವನಿಗೂ ರೊಟ್ಟಿ ಅಂಗಡಿಯವನಿಗೂ ಉಪಕಾರ ನೆನೆದು ಎಲ್ಲರೂ ಹೇಳುವ ಮಾತು ಅದು.

ಬಾಗಿಲ ಫಲಕದ ವಿಷಯ ಈಗ ಹೇಳಬಹುದು. ಬೇಸಿಗೆಯಲ್ಲಿ ಡಾಕ್ಟರ್ ಮೊಹ್ತಶಮ್ ಬಂದ ಹೊಸತರಲ್ಲಿ ಸಲಹಾ ಅಧಿಕಾರಿಯ ಹುದ್ದೆ ಖಾಲಿಯಾಯಿತು. "ಈ ಕೆಲಸ ಹೇಗಿದ್ರೂ ನೀವೇ ಮಾಡ್ತಿದ್ದೀರಿ. ನಿಮ್ಮ ಹೆಸರೇ ಕಳಿಸಲಾ?" ಎಂದು ಅವರು ಎಸ್ಮತ್‌ರನ್ನು ಕೇಳಿದರು. ಎಸ್ಮತ್, "ಎಂಥ ಮಾತು ಡಾಕ್ಟರ್, ನಾನೆಲ್ಲಿ, ಆ ಕುರ್ಚಿಯೆಲ್ಲಿ! ಓದಿದವರು ಎಷ್ಟೋ ಜನ ಇದ್ದಾರೆ" ಎಂದರು. ಡಾಕ್ಟರ್, "ಸರಿ" ಎಂದರು. ಮುಂದಿನ ವಾರ ಬೇರೊಬ್ಬರ ಹೆಸರಿನ ಫಲಕ ಬಂತು. ಅದನ್ನು ಪ್ರತಿ ಶನಿವಾರ ಎಸ್ಮತ್ ಅವರೇ ಒರೆಸುತ್ತಾರೆ.

"ಅವರ ತಪ್ಪಿಲ್ಲ" ಎನ್ನುತ್ತಾರೆ ಎಸ್ಮತ್. "ಕೇಳಿದ್ರು, ಬೇಡ ಅಂದೆ. ನನಗೆ ನಿಜವಾಗ್ಲೂ ಬೇಡವಾಗಿತ್ತಾ? ಒಂದೊಂದು ದಿನ ಹೌದು ಅನ್ಸುತ್ತೆ. ಫಲಕ ಒರೆಸೋ ದಿನ ಇಲ್ಲ ಅನ್ಸುತ್ತೆ."

ಇನ್ನೊಂದು ಸಲ ಕೇಳಿದರೆ ಏನು ಹೇಳುತ್ತೀರಿ ಎಂದರೆ ಅವರು ಚಾದರದ ಅಂಚಿನಿಂದ ಬಾಯಿ ಮುಚ್ಚಿಕೊಂಡು ನಗುತ್ತಾರೆ.

"ಬೇಡ ಅಂತೀನಿ. ಅದು ಎರಡನೇದು ತಾನೇ?"

ತೂಬಾ ವಾರದ ರಜೆಗೆ ಹಳ್ಳಿಗೆ ಹೋಗಿದ್ದಾಳೆ. ಅಪ್ಪನಿಗೆ ಹೇಳಿದಳೋ, ಹೇಳಲು ಅವಳಿಗೆ ಮನಸ್ಸಿತ್ತೋ ತಿಳಿದಿಲ್ಲ. ಹೊಸ ವರ್ಷ ಕಳೆದ ಮೇಲೆ ಅವಳು ರಾಜಧಾನಿಯ ಬಸ್ಸು ಹತ್ತುತ್ತಾಳೋ ಇಲ್ಲವೋ ಅದೂ ತಿಳಿದಿಲ್ಲ. ಆ ಕುರ್ಚಿ ಬೇಕೇ ಎಂದು ಎಸ್ಮತ್ ಖಾನುಮ್ ಅವರನ್ನು ಮೂರನೇ ಸಲ ಕೇಳಿದವರು ಈವರೆಗೆ ಯಾರೂ ಇಲ್ಲ. ಆದ್ದರಿಂದ ಅವರ ಮೂರನೇ ಉತ್ತರ ಏನೆಂಬುದು ಯಾರಿಗೂ ಗೊತ್ತಿಲ್ಲ.