ಬಣ್ಣ ನಿಮ್ದು, ಮಾತು ನಂದು

ಗಿರಿಜಕ್ಕ ತಾವು ಮಾಡಿದ ಕಂಪ್ಯೂಟರ್ ಪರದೆಯನ್ನು ಮೊದಲ ಸಲ ನೋಡುವಾಗ ಕನ್ನಡಕ ತೆಗೆದಿಡುತ್ತಿದ್ದರು. ಮಂಜುಮಂಜಾಗಿ ಕಂಡರೂ ಯಾವುದು ಎಲ್ಲಿದೆಯೆಂದು ತಿಳಿಯಬೇಕು, ಇಲ್ಲವಾದರೆ ಮತ್ತೆ ಕೆಲಸಕ್ಕೆ ಕೂರುತ್ತಿದ್ದರು. "ಹೆದರಿದ ಕಣ್ಣಿಗೆ ಹುಡುಕೋದು ಬರಂಗಿಲ್ಲ ತಂಗಿ" ಅನ್ನುತ್ತಿದ್ದರು. ಹೆದರುಪುಕ್ಕಲಿ ನಾನೇ. ಕೊಟ್ಟೂರಿನ ಪುಟ್ಟ ರಕ್ತಪರೀಕ್ಷೆಯ ಲ್ಯಾಬಿಗೆ ಹೊಸದಾಗಿ ಸೇರಿದ್ದೆ; ಮೌಸ್ ಹಿಡಿದರೆ ಕೈ ಬೆವರುತ್ತಿತ್ತು. ನನ್ನದೊಂದು ತಪ್ಪಿನಿಂದ ಯಾರದೋ ಜೀವಕ್ಕೆ ಕುತ್ತು ಬಂದರೆ ಎಂಬ ಭಯ.

ಲ್ಯಾಬಿನ ಸಾಫ್ಟ್‌ವೇರ್ ಬರೆದವರು ಗಿರಿಜಕ್ಕನೇ. ಅಕ್ಷರದ ಗಾತ್ರ, ಸಾಲುಗಳ ಜಾಗ, ಎಲ್ಲವನ್ನೂ ನಮಗೆ ಬೇಕಾದಂತೆ ಬದಲಿಸಿಕೊಳ್ಳಲು ಬಿಟ್ಟಿದ್ದರು. ಅಪಾಯದ ಅಂಕಿ ಬಂದರೆ ಸಾಲು ಕೆಂಪಾಗುತ್ತಿತ್ತು; ಆ ಬಣ್ಣವನ್ನು ಮಾತ್ರ ಬಿಟ್ಟುಕೊಟ್ಟಿರಲಿಲ್ಲ. ಆದರೆ ನಮ್ಮ ಕಡೆಯ ಜನ ಬೆಂಚಿನ ಮೇಲೆ ಸುಮ್ಮನೆ ಕೂರುವವರಲ್ಲ, ನಮ್ಮ ಹೆಗಲ ಹಿಂದೆ ನಿಂತು ಪರದೆ ಇಣುಕುವವರು. ಕೆಂಪು ಕಂಡರೆ ಅಲ್ಲೇ ಅಳು. ಇದನ್ನು ನೋಡಲಾರದೆ ಲ್ಯಾಬಿನಲ್ಲಿ ನನಗಿಂತ ಹಿರಿಯರಾದ ವಿರೂಪಣ್ಣ ಕಾಡಿ ಬೇಡಿ ಬಣ್ಣದ ಆಯ್ಕೆಯನ್ನೂ ಮಾಡಿಸಿಕೊಂಡರು. ಒಂದು ದಿನ ಕೆಂಪನ್ನು ಹಸಿರು ಮಾಡಿಟ್ಟು, ನನಗೆ ಹೇಳಲು ಮರೆತು ಮನೆಗೆ ಹೋದರು.

ಆ ಮಧ್ಯಾಹ್ನ ಇಟ್ಟಿಗಿ ಊರಿನ ಅಜ್ಜಿಯೊಬ್ಬರ ಸಕ್ಕರೆಯ ಸಾಲು ಹಸಿರಾಗಿ ಬಂತು. ಹಿಂದೆ ನಿಂತು ನೋಡಿದ ಅಜ್ಜಿ ತಾನು ಆರಾಮ ಇದ್ದೇನೆಂದು ನಗುತ್ತಾ ಬಸ್ಸಿಗೆ ಹೊರಟೇಬಿಟ್ಟರು. ಪ್ರಿಂಟರ್ ನೋಡಲು ಬಂದಿದ್ದ ಗಿರಿಜಕ್ಕ ಅಂಕಿ ಓದಿದರು. ಸಕ್ಕರೆ ಪಾತಾಳಕ್ಕೆ ಇಳಿದಿತ್ತು. ಅಕ್ಕ ಚಪ್ಪಲಿಯಿಲ್ಲದೆ ಓಡಿದರು, ಹಿಂದೆ ನಾನು. ಬಸ್ ನಿಲ್ದಾಣದಲ್ಲಿ ಅಜ್ಜಿ ಗೋಡೆಗೊರಗಿ ಕೂತಿದ್ದರು, ಮೈಯೆಲ್ಲ ತಣ್ಣನೆ ಬೆವರು. ಸಕ್ಕರೆ ನೀರನ್ನು ಗುಟುಕು ಗುಟುಕಾಗಿ ಕುಡಿಸುವಾಗ ಅಕ್ಕನ ಕೈ ನನ್ನ ಕೈಗಿಂತ ಹೆಚ್ಚು ನಡುಗುತ್ತಿತ್ತು. ಅಜ್ಜಿ ಉಳಿದರು. ಅಕ್ಕನಿಗೂ ಭಯವಾಗುತ್ತದೆಂದು ನನಗೆ ಅವತ್ತೇ ಗೊತ್ತಾದದ್ದು.

ಅಕ್ಕ ಬಣ್ಣದ ಆಯ್ಕೆಯನ್ನು ಕಿತ್ತುಹಾಕುತ್ತಾರೆಂದುಕೊಂಡಿದ್ದೆ. ಹಾಗೆ ಮಾಡಲಿಲ್ಲ. ಅಪಾಯದ ಸಾಲಿನ ಪಕ್ಕ 'ಕೂಡಲೇ ಡಾಕ್ಟರಿಗೆ ತಿಳಿಸಿ' ಎಂದು ದಪ್ಪಕ್ಷರದಲ್ಲಿ ಬರುವಂತೆ ಮಾಡಿದರು. ಅದನ್ನು ಯಾರೂ ಸರಿಸುವಂತಿಲ್ಲ, ಅಳಿಸುವಂತಿಲ್ಲ. "ಬಣ್ಣ ನಿಮ್ದು ವಿರೂಪಣ್ಣ, ಮಾತು ನಂದು. ಇದನ್ನ ಮಾತ್ರ ಕೇಳಬ್ಯಾಡ್ರಿ" ಅಂದರು.

ಗಿರಿಜಕ್ಕ ಈಗಿಲ್ಲ. ಅವರನ್ನು ಕೊನೆಯ ಸಲ ಕಂಡದ್ದೂ ಅದೇ ಪರದೆಯ ಮುಂದೆ. ಬಹಳ ದಿನದಿಂದ ಸುಸ್ತೆಂದು ರಕ್ತ ಕೊಟ್ಟು, ಎಲ್ಲರಂತೆ ಬಂದು ನನ್ನ ಹೆಗಲ ಹಿಂದೆ ನಿಂತರು. ಸಾಲು ಹಸಿರಾಗಿಯೇ ಬಂತು, ಪಕ್ಕದಲ್ಲಿ ಅವರದೇ ಮಾತು. ತಿರುಗಿ ಅವರ ಮುಖ ನೋಡುವ ಧೈರ್ಯ ಬರಲಿಲ್ಲ. ಅಕ್ಕ ಕನ್ನಡಕ ತೆಗೆದು ನನ್ನ ಮೇಜಿನ ಮೇಲಿಟ್ಟು ಇನ್ನೊಮ್ಮೆ ನೋಡಿದರು.

"ಚೊಲೋ ಕಾಣ್ತೈತಿ ತಂಗಿ. ಡಾಕ್ಟರಿಗೆ ಫೋನ್ ಹಚ್ಚು."