ಯುಗಾದಿಯ ದಿನ ಇಳಿಸಿದ ಬೆಲೆ

೧೯೯೬ರಲ್ಲಿ, ಒಂಬತ್ತನೇ ಇಯತ್ತೆ ಮುಗಿಯುವ ಮೊದಲೇ ಶಾಲೆ ಬಿಟ್ಟೆ. ಲೆಕ್ಕದಲ್ಲಿ ಮಾತ್ರ ಯಾರಿಗೂ ಸೋತವನಲ್ಲ. ಆ ಲೆಕ್ಕವೇ ಮುಂದೆ ಲಂಡನ್ನಿನ ಹ್ಯಾರೋದಲ್ಲಿ ಅನ್ನ ಹಾಕಿತು. ಅಲ್ಲಿನ ಒಂದು ಬೆಟ್ಟಿಂಗ್ ಶಾಪಿನಲ್ಲಿ ನೆಲ ಒರೆಸುವುದರಿಂದ ಶುರುಮಾಡಿ ಮ್ಯಾನೇಜರ್ ಆದೆ. ದೊಡ್ಡ ಕಂಪನಿಗಳಲ್ಲಿ ಆಡ್ಸ್, ಅಂದರೆ ಪಂಥದ ಬೆಲೆ, ಮುಖ್ಯ ಕಚೇರಿಯಿಂದ ಬರುತ್ತದೆ. ನಮ್ಮ ಮಾಲೀಕರಿಗೆ ಇದ್ದುದು ಅದೊಂದೇ ಅಂಗಡಿ. ಬೆಲೆ ಏರಿಸುವವನೂ ಇಳಿಸುವವನೂ ನಾನೇ.

ಅದೊಂದು ಯುಗಾದಿ. ಬೆಂಗಳೂರು ತಂಡಕ್ಕೂ ಚೆನ್ನೈ ತಂಡಕ್ಕೂ ಟಿ-ಟ್ವೆಂಟಿ ಪಂದ್ಯವಿತ್ತು. ಬೆಳಿಗ್ಗೆ ಬೆಂಗಳೂರಿಗೆ ‘ಟೂ ಟು ಒನ್’ ಬರೆದೆ: ಒಂದು ಪೌಂಡ್ ಕಟ್ಟಿ ಗೆದ್ದರೆ ಎರಡು ಪೌಂಡ್ ಲಾಭ. ಹತ್ತಿರದ ಹಾಲ್‌ನಲ್ಲಿ ನಮ್ಮ ಕಡೆಯವರ ಹಬ್ಬದ ಊಟ. ಹೋಳಿಗೆ ಉಂಡವರು ಗುಂಪುಗುಂಪಾಗಿ ಬಂದು, ಹೊಸ ವರ್ಷದ ಶಕುನವೆಂದು ಐದೋ ಹತ್ತೋ ಪೌಂಡನ್ನು ಬೆಂಗಳೂರಿನ ಮೇಲೆಯೇ ಇಟ್ಟರು. ಚೆನ್ನೈ ಕಡೆ ಒಂದು ಚೀಟಿಯೂ ಇಲ್ಲ. ಹಣ ಹೀಗೆ ಒಂದೇ ಕಡೆ ವಾಲಿದಾಗ ಬುಕ್ಕಿ ಆ ಕಡೆಯ ಬೆಲೆ ಇಳಿಸಿ ಇನ್ನೊಂದರದ್ದು ಏರಿಸುತ್ತಾನೆ. ಎದುರು ಕಡೆಗೂ ಹಣ ಬರಲಿ, ಯಾರು ಗೆದ್ದರೂ ಅಂಗಡಿ ಉಳಿಯಲಿ ಎಂದು. ಬೆಂಗಳೂರನ್ನು ಮೊದಲು ಒಂದೂವರೆಗೆ, ಆಮೇಲೆ ಸಮಸಮಕ್ಕೆ, ಅಂದರೆ ಪೌಂಡಿಗೆ ಒಂದೇ ಪೌಂಡ್ ಲಾಭಕ್ಕೆ, ಇಳಿಸಿದೆ.

ಆಗ ಬಂದವನು ಮಲ್ಲಪ್ಪ. ವಿಜಯಪುರದವನು, ಲಂಡನ್ನಿಗೆ ಬಂದ ಹೊಸತರಲ್ಲಿ ನಾವಿಬ್ಬರೂ ಒಂದೇ ಕೋಣೆಯಲ್ಲಿದ್ದೆವು. ಮಿನಿಕ್ಯಾಬ್ ಓಡಿಸುತ್ತಿದ್ದ. ಅವನ ಕಾರು ಹಳತಾಗಿ ಮುಂದೆ ಲೈಸೆನ್ಸ್ ಸಿಗುವಂತಿರಲಿಲ್ಲ. ಬೇರೆ ಕಾರಿಲ್ಲದೆ ದುಡಿಮೆಯಿಲ್ಲ. ಬೇರೆ ಕಾರು ಕೊಳ್ಳಲೆಂದು ಕೂಡಿಟ್ಟ ಹಣವನ್ನೆಲ್ಲ ಬೆಂಗಳೂರಿನ ಮೇಲೆ ಚೀಟಿಯಲ್ಲಿ ಬರೆದು ಕೊಟ್ಟ.

“ಮುಂಜಾನಿಂದ ಬೆಲೆ ಇಳಿಯೋದು ನೋಡಾಕತ್ತೀನಿ. ಬೆಂಗಳೂರು ಗೆಲ್ತೈತಂತ ಒಳಗಿನವ್ರಿಗೆ ಗೊತ್ತೈತಲೇ.”

“ಒಳಗಿನಾಂವ ನಾನ ಅದೀನಿ. ನನಗೇನೂ ಗೊತ್ತಿಲ್ಲ.”

“ಮತ್ತ್ಯಾಕ ಇಳಿಸೀದಿ?”

“ನಿಮ್ಮ ಹೋಳಿಗಿ ಮಂದಿ ರೊಕ್ಕ ನೋಡಿ ಇಳಿಸೀನೋ ಮಾರಾಯಾ, ಆಟ ನೋಡಿ ಅಲ್ಲ.”

“ನೋಡ್ರಿ, ಸಾಲಿ ಬಿಟ್ಟಾಂವ ಪಾಠ ಹೇಳಾಕ ಬಂದ!” ಎಂದು ಹಿಂದಿದ್ದವರ ಕಡೆ ತಿರುಗಿದ. ಎಲ್ಲರೂ ನಕ್ಕರು.

ಯಾವ ಪಂಥವನ್ನಾದರೂ ಬೇಡವೆನ್ನುವ ಹಕ್ಕು ಅಂಗಡಿಗಿದೆ. ಚೀಟಿಯನ್ನು ಅವನ ಕಡೆಗೇ ಸರಿಸಿದೆ. “ಹತ್ತು ಪೌಂಡ್ ಹಚ್ಚು, ತೊಗೋತೀನಿ. ಕಾರಿನ ರೊಕ್ಕ ಮುಟ್ಟಂಗಿಲ್ಲ.”

ಮುಖ ಗಂಟಿಕ್ಕಿಕೊಂಡು ಹೊರಟುಹೋದ. ಬೇರೆ ಕಡೆಯೂ ಕಟ್ಟಲಿಲ್ಲ. ನನ್ನ ಮಾತು ಎಲ್ಲೋ ನಾಟಿತ್ತೇನೋ.

ಪಂದ್ಯ ಬೆಂಗಳೂರೇ ಗೆದ್ದಿತು. ಮಲ್ಲಪ್ಪನ ಫೋನ್ ಬಂತು. “ಮಾಲಕನ ರೊಕ್ಕ ಉಳಿಸಿದೆಲ್ಲೋ, ಶಭಾಷ್,” ಎಂದು ಇಟ್ಟುಬಿಟ್ಟ. ಅದೇ ಕೊನೆಯ ಮಾತು. ಕೂಡಿಟ್ಟ ಹಣದಲ್ಲಿ ಕಾರು ಕೊಂಡನೆಂದು ಬೇರೆಯವರಿಂದ ತಿಳಿಯಿತು.

ಬೆಲೆ ಭವಿಷ್ಯ ಹೇಳುವುದಿಲ್ಲ, ಜನ ಯಾವ ಕಡೆ ವಾಲಿದ್ದಾರೆಂದಷ್ಟೇ ಹೇಳುತ್ತದೆ. ತಂಡ ಗೆದ್ದಿತೆಂದು ಈ ಮಾತು ಸುಳ್ಳಾಗದು. ಅವನು ನಾಳೆ ಅದೇ ಚೀಟಿ ತಂದರೂ ಹಿಂದಕ್ಕೇ ಸರಿಸುತ್ತೇನೆ.

ಈಗ ನನಗಿರುವುದು ಇಷ್ಟು: ಎಜ್‌ವೇರಿನಲ್ಲಿ ಸ್ವಂತದ ಫ್ಲಾಟ್ ಒಂದು, ಹೆಂಡತಿ, ಕನ್ನಡ ಕೇಳಿ ಇಂಗ್ಲಿಷಿನಲ್ಲಿ ಉತ್ತರ ಕೊಡುವ ಮಗಳು ಒಬ್ಬಳು, ಸ್ಟೇಷನ್ ಹತ್ತಿರ ಕಾರು ನಿಲ್ಲಿಸಿಕೊಂಡು ನನ್ನ ಕಂಡರೆ ಮುಖ ತಿರುಗಿಸುವ ಗೆಳೆಯ ಒಬ್ಬ.