ಆವಲಪ್ಪ ಮೇಷ್ಟ್ರ ಓರೆಗನ್ನಡಿ

ನಂಗಲಿಯ ಆವಲಪ್ಪ ಮೇಷ್ಟ್ರು ಮೂವತ್ತು ವರ್ಷ ಭೂಗೋಳ ಕಲಿಸಿದ್ದು ಕುರ್ಚಿಯಲ್ಲಿ ಕೂತು. ಗೋಡೆಯ ನಕ್ಷೆಯಲ್ಲಿ ಹಿಮಾಲಯ ತೋರಿಸುವುದಕ್ಕೂ ಅವರು ಎದ್ದವರಲ್ಲ. ಅದಕ್ಕೆಂದೇ ಉದ್ದನೆಯ ಬಿದಿರುಕೋಲೊಂದನ್ನು ಮಾಡಿಸಿಕೊಂಡಿದ್ದರು. ಅದು ಹಿಮಾಲಯಕ್ಕೂ ಎಟಕುತ್ತಿತ್ತು, ಕೊನೆಯ ಬೆಂಚಿನ ತಲೆಗಳಿಗೂ ಎಟಕುತ್ತಿತ್ತು. ಮನೆಯ ಜಗಲಿಯ ಕಂಬಕ್ಕೆ ಒಂದು ಕನ್ನಡಿಯ ಚೂರನ್ನು ಓರೆಯಾಗಿ ಸಿಕ್ಕಿಸಿದ್ದರು. ಬೀದಿಯಲ್ಲಿ ಯಾರು ಬರುತ್ತಿದ್ದಾರೆಂದು ಕುರ್ಚಿಯಿಂದಲೇ ಕಾಣುತ್ತಿತ್ತು. ಬೇಡದವರು ಬಂದರೆ ಕಣ್ಣು ಮುಚ್ಚಿ ಗೊರಕೆ ಹೊಡೆಯುವಷ್ಟು ಪುರಸೊತ್ತು ಸಿಗುತ್ತಿತ್ತು.

ಅವರು ಪಿಂಚಣಿ ಪಡೆದ ವರ್ಷವೇ ಚಿನ್ನದ ಗಣಿಯಲ್ಲಿ ಗುಮಾಸ್ತನಾಗಿದ್ದ ಅಳಿಯ ಕದಿರೇಶ ಒಂದು ಹಿತ್ತಾಳೆಯ ದೂರದರ್ಶಕ ತಂದುಕೊಟ್ಟ. ಸೀಮೆಗೆ ಹಿಂತಿರುಗಿದ ಬಿಳಿ ದೊರೆಯೊಬ್ಬ ಬಿಟ್ಟುಹೋದದ್ದು.

"ಸಾಯಂಕಾಲ ಹೊತ್ತು ಹೋಗ್ಬೇಕಲ್ಲ ಮಾವ ನಿಮ್ಗೆ," ಎಂದ.

ಮೊದಲ ದಿನವೇ ಮೇಷ್ಟ್ರು ಅದನ್ನು ಮಾಳಿಗೆಗೆ ಹತ್ತಿಸಿದರು. ದೀಪ ಹಚ್ಚುವ ಹೊತ್ತಿಗೆ ಅರ್ಧಚಂದ್ರ ನಡುನೆತ್ತಿಗೆ ಬಂದಿದ್ದ. ಕೊಳವೆಯ ಬಾಯನ್ನು ಅವನತ್ತ ಎತ್ತಿದರೆ, ಕಣ್ಣಿಡುವ ತುದಿ ನೆಲದ ಹತ್ತಿರಕ್ಕೆ ಇಳಿಯಿತು. ಮೇಷ್ಟ್ರು ಬಗ್ಗಿದರು, ಮೊಣಕಾಲೂರಿದರು, ಕೊನೆಗೆ ಕೋಟಿನ ಸಮೇತ ಅಂಗಾತ ಮಲಗಿ ಕತ್ತು ತಿರುಚಿದರು.

ಪಕ್ಕದ ಮಾಳಿಗೆಯಿಂದ ಪಟೇಲ ಗಂಗುಲಪ್ಪ ಕೂಗಿದ. "ಅಯ್ಯೋ, ಏಮಾಯೆ, ಏನಾಯ್ತು ಮೇಷ್ಟ್ರೇ? ಬಿದ್ರಾ?"

"ಚಂದ್ರನ್ನ ನೋಡ್ತಾ ಇದೀನಿ ಕಣಯ್ಯ!"

"ಚಂದ್ರ ಮೇಲಿದಾನೆ. ನೀವ್ಯಾಕೆ ಕೆಳಗಿದೀರಾ?"

ಮಾರನೆಯ ಬೆಳಿಗ್ಗೆ ಮೇಷ್ಟ್ರ ಕತ್ತು ಎಡಕ್ಕೆ ಮಾತ್ರ ತಿರುಗುತ್ತಿತ್ತು. ಬಲಗಡೆಯಿಂದ ಯಾರಾದರೂ ಮಾತಾಡಿಸಿದರೆ ಎತ್ತಿನ ಗಾಡಿಯ ಹಾಗೆ ಇಡೀ ಮೈಯನ್ನೇ ತಿರುಗಿಸಬೇಕು. ಹೆಂಡತಿ ಅಶ್ವತ್ಥಮ್ಮ ಹರಳೆಣ್ಣೆ ಬಿಸಿ ಮಾಡಿ ತಿಕ್ಕುತ್ತಿದ್ದಾಗ ಅವರ ಕಣ್ಣು ಕಂಬದ ಕನ್ನಡಿಯ ಮೇಲೆ ಬಿತ್ತು. ಬೀದಿಯನ್ನೇ ಜಗಲಿಗೆ ತಿರುಗಿಸುವ ಕನ್ನಡಿ ಚಂದ್ರನನ್ನು ತಿರುಗಿಸದೇ?

ಮುಳಬಾಗಿಲಿನ ತಗಡಿನ ಕೆಲಸದವನಿಂದ, ದೂರದರ್ಶಕದ ಕಣ್ಣಿಡುವ ತುದಿಗೆ ಸಿಕ್ಕಿಸಲು, ಮೊಣಕೈಯಂತೆ ಬಾಗಿದ ಒಂದು ಪುಟ್ಟ ಕೊಳವೆ ಮಾಡಿಸಿಕೊಂಡು ಬಂದರು. ಅದರ ಮೂಲೆಯಲ್ಲಿ ಕನ್ನಡಿ ಓರೆಯಾಗಿ ಕೂರಬೇಕು. ಆಗ ಕೊಳವೆಯೊಳಗೆ ಇಳಿದು ಬಂದ ಬೆಳಕು ಕನ್ನಡಿಗೆ ಬಡಿದು ಪಕ್ಕಕ್ಕೆ ಹೊರಳಿ, ಕೂತವರ ಕಣ್ಣಿಗೇ ಬರುತ್ತದೆ. ಕಂಬದ ಕನ್ನಡಿ ಕೀಳಲು ಮನಸ್ಸಾಗಲಿಲ್ಲ. ಅಶ್ವತ್ಥಮ್ಮನ ಕುಂಕುಮದ ಪೆಟ್ಟಿಗೆಯ ಕನ್ನಡಿಗೆ ಕೈ ಹಾಕಿದರು.

"ಅದಿಲ್ದೆ ಹಣೆಗೆ ಹೇಗ್ರೀ ಇಟ್ಕೊಳ್ಲಿ?"

"ಇಷ್ಟು ವರ್ಷದಿಂದ ಇಟ್ಕೊಳ್ತಾ ಇದೀಯ. ಹಣೆ ಎಲ್ಲಿದೆ ಅಂತ ಇನ್ನೂ ಗೊತ್ತಾಗ್ಲಿಲ್ವೇನೇ?"

ಅಂದು ಸಂಜೆ ಕುರ್ಚಿಯೂ ಮಾಳಿಗೆ ಹತ್ತಿತು. ಕೂತು ತುಸು ತಲೆ ತಗ್ಗಿಸಿದರೆ ಸಾಕು, ಬಾವಿಯಲ್ಲಿ ಇಣುಕಿದ ಹಾಗೆ ಚಂದ್ರ ತೊಡೆಯ ಹತ್ತಿರವೇ ಹೊಳೆಯುತ್ತಿದ್ದ. ಎಡ ಬಲ ಅದಲುಬದಲಾಗಿತ್ತು. ಸಾಧಾರಣ ಕನ್ನಡಿಯಾದ್ದರಿಂದ ಚಂದ್ರನ ಅಂಚಿಗೆ ಮಂಕಾದ ಇನ್ನೊಂದು ಅಂಚು ಅಂಟಿಕೊಂಡಿತ್ತು. ಮೇಷ್ಟ್ರು ಅದನ್ನು ಲಾಭವೆಂದೇ ಎಣಿಸಿದರು. ಕತ್ತು ನೋಯಲಿಲ್ಲ, ಬೆನ್ನು ನೋಯಲಿಲ್ಲ, ತಂಗಾಳಿ ಬೀಸುತ್ತಿತ್ತು. ಸ್ವಲ್ಪ ಹೊತ್ತಿಗೆ ಅವರು ಕೊಳವೆಗೆ ಹಣೆಯಾನಿಸಿ ಚೆನ್ನಾಗಿ ನಿದ್ದೆ ಹೋದರು. ಎದ್ದ ಮೇಲೆ ಅದಕ್ಕೆ ಅವಲೋಕನ ಎಂದು ಹೆಸರಿಟ್ಟರು. ಅಂದಿನಿಂದ ದಿನವೂ ಅವಲೋಕನ ನಡೆಯಿತು.

ಸುದ್ದಿ ಹಬ್ಬಿತು. ಆ ಬೇಸಿಗೆಯಲ್ಲಿ ಒಬ್ಬ ಅಧಿಕಾರಿ ಸರ್ಕೀಟಿಗೆ ಬಂದರು. ಯಾವ ಇಲಾಖೆಯವರೆಂದು ಊರಿಗೆ ಕೊನೆಯವರೆಗೂ ತಿಳಿಯಲಿಲ್ಲ. ಪೇಟ ದೊಡ್ಡದಿತ್ತು, ಹಿಂದೆ ಒಬ್ಬ ಡಫೇದಾರನಿದ್ದ, ಅಷ್ಟು ಸಾಕಾಯಿತು. ಗಂಗುಲಪ್ಪ ಅವರನ್ನು ಮಾಳಿಗೆಗೆ ಕರೆತಂದ. ಶಾನುಭೋಗರೂ ಊರಿನ ನಾಲ್ಕು ಜನ ದೊಡ್ಡವರೂ ಹಿಂದೆ ಬಂದರು.

"ಬಗ್ಗಬೇಕೇನ್ರೀ?" ಎಂದು ಸಾಹೇಬರು ಅನುಮಾನದಿಂದ ಕೇಳಿದರು.

"ಬಗ್ಗೋದು ಏನೂ ಇಲ್ಲ ಮಹಾಸ್ವಾಮಿ. ಕೂತ್ಕೊಂಡು ಹಾಗೇ ಕೆಳಗೆ ನೋಡಿದರೆ ಚಂದ್ರ ಕಾಣ್ತಾನೆ."

ಚಂದ್ರನನ್ನು ಕೆಳಗೆ ನೋಡಬಹುದೆಂಬುದು ಸಾಹೇಬರಿಗೆ ಬಹಳ ಹಿಡಿಸಿತು. ಕೂತರು, ಕಣ್ಣಿಟ್ಟರು, "ಭೇಷ್" ಎಂದರು. ಆಮೇಲೆ ತಲೆಯೆತ್ತಲಿಲ್ಲ.

ಮೇಷ್ಟ್ರು ಕೊಳವೆಯ ಸುತ್ತ ಸುಳಿದಾಡತೊಡಗಿದರು. ಚಂದ್ರ ಒಂದೇ ಕಡೆ ನಿಲ್ಲುವವನಲ್ಲ, ಆಗಾಗ ಕೊಳವೆಯನ್ನು ಅವನ ಹಿಂದೆ ಸರಿಸುತ್ತಿರಬೇಕು. ಅದರ ಮೇಲೆ ಸಾಹೇಬರ ಹಣೆ ಇತ್ತು. ಹಣೆಯನ್ನು ಸರಿಸುವ ಧೈರ್ಯ ಯಾರಿಗುಂಟು? ಅಷ್ಟರಲ್ಲಿ ಸಣ್ಣಗೆ ಗೊರಕೆ ಕೇಳಿಸಿತು. ಆ ಗೊರಕೆಯ ಗುರುತು ಆವಲಪ್ಪನವರಿಗಿಂತ ಚೆನ್ನಾಗಿ ಯಾರಿಗೂ ಹತ್ತುವಂತಿರಲಿಲ್ಲ.

"ಸಾಹೇಬರು ಆಳವಾಗಿ ನೋಡ್ತಾ ಇದಾರೆ," ಎಂದು ಗಂಗುಲಪ್ಪ ಪಿಸುಗುಟ್ಟಿದ. ಎಲ್ಲರೂ ಕೈಕಟ್ಟಿಕೊಂಡು ನಿಂತರು. ಚಂದ್ರ ಕೊಳವೆ ಬಿಟ್ಟು ಎಷ್ಟೋ ಹೊತ್ತಾದ ಮೇಲೆ ಸಾಹೇಬರು ತಲೆಯೆತ್ತಿ, "ಬಹಳ ಗಹನವಾಗಿದೆ," ಎಂದು ಕಣ್ಣೊರೆಸಿಕೊಂಡರು.

ಮೇಷ್ಟ್ರು ಕೊಳವೆ ಸರಿಪಡಿಸಲು ಕೈಚಾಚಿದರು. "ಸಾಹೇಬರು ಇಟ್ಟ ಹಾಗೇ ಇರಲಿ," ಎಂದು ಶಾನುಭೋಗರು ತಡೆದು, ತಾವೇ ಕೂತು ಬರಿಯ ಕತ್ತಲೆಯನ್ನು ನೋಡಿದರು. ಸಾಹೇಬರಿಗಿಂತ ಕಡಮೆ ಹೊತ್ತು, ಆದರೆ ಆಮೇಲೆ ಕೂತ ಪಟೇಲನಿಗಿಂತ ಜಾಸ್ತಿ. ಗಹನವಾಗಿದೆ ಎಂದು ಎಲ್ಲರೂ ಒಪ್ಪಿದರು. ಮೇಷ್ಟ್ರೂ ತಲೆಯಾಡಿಸಿದರು, ಕತ್ತು ಈಗ ಎರಡೂ ಕಡೆ ಆಡುತ್ತಿತ್ತಲ್ಲ.

ಬೆಳಿಗ್ಗೆ ಡಫೇದಾರ ಬಾಗಿಲಿಗೆ ಬಂದ. "ಆ ಮೊಣಕೈ ಕೊಳವೆ ಕೊಡ್ಬೇಕಂತೆ. ಸಾಹೇಬ್ರು ಕಚೇರೀಲಿ ಕೂತಲ್ಲೇ, ಹೊರಗೆ ಯಾರ್ ಯಾರು ಕಾಯ್ತಾ ಇದಾರೆ ಅಂತ ನೋಡ್ಕೋತಾರಂತೆ."

ಮೇಷ್ಟ್ರು ಕೊಟ್ಟರು. ಸಿಟ್ಟು ಮಾಡೋಣವೆಂದರೆ, ತಮ್ಮ ಜಗಲಿಯ ಕನ್ನಡಿಯ ಕಂಬವೇ ಎದುರಿಗೆ ನಿಂತಿತ್ತು.

ಸಿಟ್ಟು ಮಾಡಿದವರು ಅಶ್ವತ್ಥಮ್ಮ. "ನನ್ ಕನ್ನಡೀಲಿ ಊರಿನ ಗಂಡಸರೆಲ್ಲ ಚಂದ್ರನ್ನ ನೋಡಿದ್ರು. ನನ್ನ ಒಂದ್ಸಲ ಕರೆದ್ರಾ? ಈಗ ಎರಡು ಕನ್ನಡಿ ತನ್ನಿ. ಒಂದು ನಂಗೆ, ಒಂದು ನಿಮ್ ಚಂದ್ರಂಗೆ. ಆ ಕುರ್ಚಿ ಮಾತ್ರ ಇನ್ನು ಮಾಳಿಗೆ ಹತ್ತಕೂಡದು!"

ಕುರ್ಚಿ ಅಡಿಗೆಮನೆಗೆ ಹೋಗಿ ಮೆಣಸಿನಕಾಯಿ ಮೂಟೆ ಹೊತ್ತುಕೊಂಡಿತು. ಮೇಷ್ಟ್ರು ಮುಳಬಾಗಿಲಿಗೆ ಹೋಗಿ ಎರಡು ಕನ್ನಡಿ ಕೊಂಡು, ಹೊಸ ಕೊಳವೆ ಮಾಡಿಸಿ ತಂದು, ದೂರದರ್ಶಕದ ಮೂರು ಕಾಲಿಗೂ ಚಪ್ಪಡಿ ಕೊಟ್ಟು ಎತ್ತರಿಸಿದರು. ಈಗ ನಿಂತೇ ನೋಡಬೇಕು, ಆದರೆ ಕತ್ತು ತಿರುಚಬೇಕಿಲ್ಲ.

ಒಂದು ಸಂಜೆ ಅಶ್ವತ್ಥಮ್ಮ ಬೀದಿಯ ಹೆಂಗಸರನ್ನೆಲ್ಲ ಕರೆತಂದರು. ಪಡುವಣದಲ್ಲಿ ಶುಕ್ರ ಬೆಳಗುತ್ತಿತ್ತು. ಹಾಲು ಹಾಕುವ ದೊಡ್ಡಮುನಿಯಮ್ಮ ಮೊದಲು ಕಣ್ಣಿಟ್ಟಳು.

"ಇದು ಚಂದ್ರ ಅಲ್ವಾ ಸಾಮಿ? ಬಿದಿಗೆ ಚಂದ್ರನಂಗೆ ಸಣ್ಣಕ್ಕೈತೆ."

"ಅದು ಶುಕ್ರ ಕಣಮ್ಮ."

"ಸುಕ್ರ ಚುಕ್ಕಿ ಅಲ್ವಾ? ಕುಡುಗೋಲಿನಂಗೆ ಯಾಕೈತೆ?"

ಮೇಷ್ಟ್ರಿಗೆ ತಬ್ಬಿಬ್ಬಾಯಿತು. ಪಾಠ ಮಾಡಿದ ಅಷ್ಟು ವರ್ಷಗಳಲ್ಲಿ ಅವರನ್ನು ಯಾರೂ ಯಾಕೆ ಎಂದು ಕೇಳಿರಲಿಲ್ಲ, ಬಿದಿರುಕೋಲು ಬಿಟ್ಟಿರಲಿಲ್ಲ. ಕೆಳಗೆ ಓಡಿ ಲಾಂದ್ರವನ್ನೂ ರಾತ್ರಿಗೆಂದು ಕಟ್ಟಿಟ್ಟಿದ್ದ ಒಂದು ರಾಗಿಮುದ್ದೆಯನ್ನೂ ಹಿಡಿದು ಬಂದರು. ಲಾಂದ್ರವೇ ಸೂರ್ಯ ಎಂದರು. ಮುದ್ದೆಯನ್ನು ಎತ್ತಿ ಹಿಡಿದು ಲಾಂದ್ರದ ಸುತ್ತ ತಾವೇ ನಡೆದರು. ಆ ಕಡೆಯಲ್ಲಿ ದುಂಡಗೆ ಬೆಳಗಿದ ಮುದ್ದೆ ಹೆಂಗಸರಿದ್ದ ಈ ಕಡೆಗೆ ಬಂದಾಗ ಅಂಚಿನಲ್ಲಷ್ಟೇ ಬೆಳಗಿತು.

"ಹಂಗಂದ್ರೆ ಸುಕ್ರ ಈಗ ನಮ್ ಕಡೀಗ್ ಬತ್ತಾ ಅವ್ನೆ!" ಎಂದು ದೊಡ್ಡಮುನಿಯಮ್ಮ ಕೂಗಿದಳು.

"ಹೌದಮ್ಮ, ಹೌದು!" ಮೇಷ್ಟ್ರು ಬೆವತಿದ್ದರು. ಮತ್ತೊಂದು ಸುತ್ತು ಹೊರಟೇಬಿಟ್ಟರು.

"ಮುದ್ದೆ ಆರೋಗುತ್ತೆ ಕಣ್ರೀ," ಎನ್ನುತ್ತಾ ಅಶ್ವತ್ಥಮ್ಮ ಕೊಳವೆಗೆ ಕಣ್ಣಿಟ್ಟರು. ಆಮೇಲೆ ಅವರು ಮುದ್ದೆಯ ಮಾತೆತ್ತಲಿಲ್ಲ, ಹಿಂದೆ ನಿಂತವರು ಎಷ್ಟು ಸೆರಗು ಜಗ್ಗಿದರೂ ಜಾಗ ಬಿಡಲಿಲ್ಲ.